ಹಗರಿಯ ನೆಲಗುಬ್ಬಿ ಕದ್ದ ಹಾಡು

ಹಕ್ಕಿ ಸಮೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಆಗಾಗ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು, "ಮೇಡಂ, ಯಾವ ಬೈನಾಕ್ಯುಲರ್ ತಗೊಳ್ಳಬೇಕು?" ನಾನು ಹೇಳುವುದು, "ಯಾವುದಾದರೂ ತಗೊಳ್ರಿ. ಮೊದಲು ಒಂದು ಜೊತೆ ಗಟ್ಟಿ ಬೂಟು ತಗೊಳ್ರಿ." ಅವರು ನಗುತ್ತಾರೆ. ಏಪ್ರಿಲ್ ತಿಂಗಳಲ್ಲಿ ಒಂದು ಸಲ ಹಗರಿಯ ಮರಳಿನ ಮೇಲೆ ನಡೆದು ಬಂದ ಮೇಲೆ ನಗುವುದಿಲ್ಲ.

ನಕ್ಷೆಯಲ್ಲಿ ವೇದಾವತಿ ಎಂದಿರುವ ನದಿಗೆ ನಮ್ಮ ಕಡೆ ಹಗರಿ ಎನ್ನುತ್ತಾರೆ. ವರ್ಷದಲ್ಲಿ ಹೆಚ್ಚು ದಿನ ಅದರಲ್ಲಿ ನೀರು ಕಾಣುವುದಿಲ್ಲ. ಈ ದಂಡೆಯಿಂದ ಆ ದಂಡೆಗೆ ಬರೀ ಮರಳು, ಅಂಚಿನಲ್ಲಿ ಜಾಲಿ, ಗಾಳಿ ಕಟ್ಟಿದ ದಿಬ್ಬಗಳು. ರಾಜಸ್ಥಾನಕ್ಕೆ ಹೋಗದೆಯೇ ಮರುಭೂಮಿ ನೋಡಬೇಕು ಎನ್ನುವವರನ್ನು ನಾನು ಬೇಸಿಗೆಯಲ್ಲಿ ಇಲ್ಲಿಗೇ ಕರೆದುಕೊಂಡು ಬರುತ್ತಿದ್ದೆ. ಆದರೆ ಬಳ್ಳಾರಿಯಿಂದ ಸಿರುಗುಪ್ಪದ ಕಡೆ ನದಿಯ ಜೊತೆಗೇ ಇಳಿದು ಹೋದರೆ ಒಂದು ಕಡೆ ಥಟ್ಟನೆ ದೃಶ್ಯ ಬದಲಾಗುತ್ತದೆ. ನಿಮ್ಮ ಬೆನ್ನ ಹಿಂದೆ ಕಲ್ಲು ಮೊರಡಿ, ಒಣಹುಲ್ಲು. ಮುಂದೆ ತುಂಗಭದ್ರೆಯ ಕಾಲುವೆ ನೀರು ಕುಡಿದು ನಿಂತ ಭತ್ತದ ಗದ್ದೆ, ಕಣ್ಣು ಹಾಯುವವರೆಗೆ ಹಸಿರು. ಒಣಭೂಮಿಯ ಹಕ್ಕಿಯೂ ನೀರಿನ ಹಕ್ಕಿಯೂ ಒಂದರ ಮನೆಯ ಮಾತು ಇನ್ನೊಂದಕ್ಕೆ ಕೇಳುವಷ್ಟು ಹತ್ತಿರ. ನಾನು ಬರೆಯಹೊರಟಿರುವ ಕಥೆ ಆಗಿದ್ದು ಅಲ್ಲಿಯೇ.

ನನ್ನ ಕೆಲಸ ಹಾಡುಹಕ್ಕಿಗಳದ್ದು. ಹದ್ದು, ಕೊಕ್ಕರೆ, ನವಿಲು ಎಂದರೆ ಜನ ಫೋಟೊ ತೆಗೆದುಕೊಳ್ಳಲು ಬರುತ್ತಾರೆ. ಮುಷ್ಟಿಯೊಳಗೆ ಅಡಗುವ, ಮಣ್ಣಿನ ಬಣ್ಣದ, ಪೊದೆಯೊಳಗಿಂದ ಹೊರಗೇ ಬರದ ಹಕ್ಕಿಗಳ ಹಿಂದೆ ಬೀಳುವವರು ಕಡಿಮೆ. ಅವುಗಳನ್ನು ಮೊದಲು ಹಿಡಿಯಬೇಕಾದ್ದು ಕಿವಿಯಿಂದ. ಕಣ್ಣಿನ ಸರದಿ ಬರುವುದು ಆಮೇಲೆ. ಬಡ್ತಿ ಯಾವಾಗ ಬಂತು, ಯಾವ ಹುದ್ದೆಯಲ್ಲಿ ನಿವೃತ್ತಿಯಾಯಿತು ಎಂಬುದನ್ನೆಲ್ಲ ಬೀಳ್ಕೊಡುಗೆಯ ದಿನ ಯಾರೋ ಓದಿದರು. ನನಗೆ ಅದರಲ್ಲಿ ಒಂದೂ ನೆನಪಿಲ್ಲ. ನೆನಪಿರುವುದು ಆ ಬೇಸಿಗೆ.

ಆಗ ನಮ್ಮ ಮುಖ್ಯಸ್ಥರು ಪ್ರಹ್ಲಾದರಾವ್. ನಿವೃತ್ತಿಯ ಅಂಚಿನಲ್ಲಿದ್ದರು. ಉದ್ದನೆಯ, ಬಡಕಲು ಮೈ, ತಲೆಗೆ ಹತ್ತಿಯ ಟೋಪಿ, ಹೆಗಲ ಮೇಲೆ ಯಾವಾಗಲೂ ಒಂದು ಕೆಂಪು ಬಟ್ಟೆಯ ವಲ್ಲಿ. ಹಾರುವ ಹಕ್ಕಿಯನ್ನು ಬರಿಗಣ್ಣಿನಿಂದ ನೋಡಿಯೇ ಗಂಡೋ ಹೆಣ್ಣೋ ಮರಿಯೋ ಹೇಳುತ್ತಿದ್ದರು, ಹೇಳಿದ್ದು ತಪ್ಪುತ್ತಿರಲಿಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲಿ. "ನೋಡದ ಹಕ್ಕಿ ಹಕ್ಕಿ ಅಲ್ಲ" ಎಂದು ಕಿರಿಯರ ಮೇಲೆ ಹರಿಹಾಯುತ್ತಿದ್ದರು. ನಮ್ಮ ಜೀಪು ಓಡಿಸುತ್ತಿದ್ದವರು ಮಹಬೂಬ್ ಭಾಯಿ. ಬಳ್ಳಾರಿ ಕೋಟೆ ಗುಡ್ಡದ ಕೆಳಗೆ ಹುಟ್ಟಿ ಬೆಳೆದವರು. ಹಕ್ಕಿಗಳ ಬಗ್ಗೆ ಅವರಿಗೆ ಕಾಸಿನಷ್ಟೂ ಆಸಕ್ತಿ ಇರಲಿಲ್ಲ. ಮನುಷ್ಯರ ಬಗ್ಗೆ ಬಹಳ ಇತ್ತು.

ನನ್ನ ಮಾತಿಗೆ ಸರ್ ಹತ್ತಿರ ಬೆಲೆ ಇಲ್ಲದಂತೆ ಆಗಿದ್ದು ಒಂದು ಅಕ್ಕಿ ಗಿರಣಿಯಿಂದ. ಸೇರಿದ ಹೊಸದರಲ್ಲಿ ಸಿರುಗುಪ್ಪದ ಹೊರವಲಯದಲ್ಲಿ ಬೆಳಗಿನ ಹೊತ್ತು ಒಂದು ವಿಚಿತ್ರ ಸ್ವರ ಕೇಳಿತು. ಎರಡು ಏರುದನಿ, ಒಂದು ಎಳೆತ, ಸ್ವಲ್ಪ ಮೌನ, ಮತ್ತೆ ಅದೇ. ನನಗೆ ಮೈ ಜುಂ ಎಂದಿತು. ಕೈಬೀಸಿ ಸರ್‌ರನ್ನು ಕರೆದೆ, ಬಗ್ಗಿಕೊಂಡು, ತೆವಳಿಕೊಂಡು, ಹೊಟ್ಟಿನ ರಾಶಿಯ ಮೇಲೆ ಹತ್ತಿ ಇಳಿದು, ಗೋಡೆಯ ತೂತಿನಿಂದ ಇಣುಕಿ ನೋಡಿದರೆ ಒಳಗೆ ಗಿರಣಿಯ ಪಟ್ಟಿ ಚಕ್ರದ ಮೇಲೆ ಜಾರಿ ಕಿರುಗುಟ್ಟುತ್ತಿತ್ತು! ಗಿರಣಿಯವರು ನಮ್ಮನ್ನು ನೋಡಿ, "ಯಾರ್ರೀ ಅದು? ಅಕ್ಕಿ ಬೇಕಾದ್ರ ಮುಂದ್ಲ ಬಾಗ್ಲಿಂದ ಬರ್ರಿ!" ಎಂದರು. ಮಹಬೂಬ್ ಭಾಯಿ ಒಂದು ವಾರ ನಕ್ಕರು. ಸರ್ ನಗಲಿಲ್ಲ. ಅಂದಿನಿಂದ ನಾನು ಯಾವ ಹೊಸ ಸ್ವರದ ಮಾತೆತ್ತಿದರೂ, "ಏನಮ್ಮಾ ಸುಧಾ, ಮತ್ತ ಗಿರಣಿ ಹಕ್ಕಿ ಏನು?" ಎನ್ನುತ್ತಿದ್ದರು.

ಇಂಥ ತಪ್ಪು ನೀವೂ ಮಾಡುತ್ತೀರಿ. ಮಾಡಿ. ಆದರೆ ಅದಕ್ಕೆ ಹೆದರಿ ಮುಂದಿನ ಸ್ವರಕ್ಕೆ ಕಿವಿ ಮುಚ್ಚಿಕೊಳ್ಳಬೇಡಿ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾವು ಸಿರುಗುಪ್ಪದ ಹತ್ತಿರ ಹಗರಿಯ ದಂಡೆಯ ಮೊರಡಿ ಮೇಲಿದ್ದೆವು. ಬಿಸಿಲು ಆಗಲೇ ಏರಿತ್ತು. ಮುಂದಿನ ಒಂದು ಕಲ್ಲಿನ ಮೇಲೆ ಜುಟ್ಟಿನ ನೆಲಗುಬ್ಬಿ ಬಂದು ಕೂತಿತು. ನೋಡಲು ಗುಬ್ಬಿಯಷ್ಟೇ, ಕಂದು ಮೈ, ತಲೆಯ ಮೇಲೆ ಮೊನಚು ಜುಟ್ಟು. ಈ ಹಕ್ಕಿಗೆ ಒಂದು ಚಾಳಿ ಇದೆ. ಸುತ್ತಲಿನ ಹಕ್ಕಿಗಳ ಸ್ವರ ಕದಿಯುತ್ತದೆ. ಕದ್ದ ಸ್ವರಗಳನ್ನೆಲ್ಲ ತನ್ನ ಹಾಡಿನೊಳಗೆ ಪೋಣಿಸಿ, ಸಣ್ಣದಾಗಿ, ಬಲು ಬೇಗ ಹಾಡಿ ಮುಗಿಸುತ್ತದೆ. ನಾನು ಉಸಿರು ಬಿಗಿಹಿಡಿದು ಬಿಡಿಸುತ್ತ ಕೂತೆ. ಇದು ಪಿಕಳಾರದ್ದು. ಇದು ಕಾಜಾಣದ್ದು. ಇದು ಗೀಜಗದ ಗಲಾಟೆ. ಆಮೇಲೆ ಎರಡು ಒರಟು ಸ್ವರ, ಅದರ ಬೆನ್ನಿಗೇ ಎರಡು ಚೂಪು ಸ್ವರ: ಕರ್ರ, ಕರ್ರ, ಕೀಟ್, ಕೀಟ್.

ನಾನು ಎದ್ದು ನಿಂತುಬಿಟ್ಟೆ. ಆ ಸ್ವರ ನನಗೆ ಗೊತ್ತಿತ್ತು. ಬೇರೆ ಊರಿನಲ್ಲಿ, ದೊಡ್ಡ ಕೆರೆಯೊಂದರ ಜೊಂಡಿನಲ್ಲಿ ಧ್ವನಿಮುದ್ರಿಸಿದ ಕ್ಯಾಸೆಟ್ ಒಂದರಲ್ಲಿ ಕೇಳಿದ್ದೆ. ನೀರಿನಲ್ಲಿ ನಿಂತ ಜೊಂಡು ಬಿಟ್ಟು ಬೇರೆಲ್ಲೂ ಗೂಡು ಕಟ್ಟದ ಹಕ್ಕಿ ಅದು. ನಾವು ಅದಕ್ಕೆ ಜೊಂಡುಹಕ್ಕಿ ಎನ್ನುತ್ತಿದ್ದೆವು. ನಮ್ಮ ಸಮೀಕ್ಷೆಯಲ್ಲಿ ಅದು ಒಂದು ಸಲವೂ ಸಿಕ್ಕಿರಲಿಲ್ಲ. ಆದರೆ ನೆಲಗುಬ್ಬಿ ಊರೂರು ತಿರುಗುವ ಹಕ್ಕಿ ಅಲ್ಲ. ಹುಟ್ಟಿದ ಸೀಮೆ ಬಿಟ್ಟು ಹೋಗುವುದಿಲ್ಲ. ಇದು ಈ ಸ್ವರವನ್ನು ಕದ್ದಿದೆ ಎಂದರೆ ಕಳೆದುಕೊಂಡವನು ಇಲ್ಲೇ ಎಲ್ಲೋ ಇರಬೇಕು! ಈ ಮರಳಿನ ಪಕ್ಕದಲ್ಲೇ!

"ಸರ್, ಕೇಳಿಸ್ಕೊಂಡ್ರಾ? ಜೊಂಡುಹಕ್ಕಿ! ನೆಲಗುಬ್ಬಿ ಜೊಂಡುಹಕ್ಕಿ ಸ್ವರ ಹಾಡ್ತಾ ಅದ!"

ಸರ್ ಬೈನಾಕ್ಯುಲರ್ ಇಳಿಸದೆ ಹೇಳಿದರು. "ಎಲ್ಲದ ಹಾಡು? ಬಿಸಿಲಿಗೆ ಬಾಯಿ ಬಿಡ್ಲಿಕ್ಕೆ ಹತ್ತದ ಪಾಪ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದೆ. ತಮಾಷೆ ಇರಲಿಲ್ಲ. ನೆಲಗುಬ್ಬಿಯ ಕೊಕ್ಕು ತೆರೆದು ಮುಚ್ಚುವುದು ಅವರಿಗೆ ನನಗಿಂತ ಚೆನ್ನಾಗಿ ಕಾಣುತ್ತಿತ್ತು. ಆ ಕೊಕ್ಕಿನಿಂದ ಜಲಪಾತದ ಹಾಗೆ ಸುರಿಯುತ್ತಿದ್ದ ಹಾಡಿನ ಒಂದು ಹನಿಯೂ ಅವರನ್ನು ಮುಟ್ಟುತ್ತಿರಲಿಲ್ಲ. ಹಾಡುಹಕ್ಕಿಗಳ ಸಮೀಕ್ಷೆಯ ಮುಖ್ಯಸ್ಥರಿಗೆ ಹಾಡು ಕೇಳುವುದಿಲ್ಲ.

"ಗಿರಣಿ ಹಕ್ಕಿ ಇರಬೇಕು, ನಡಿ" ಎಂದು ಅವರು ಎದ್ದರು.

ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಸರ್ ಕೈ ತೊಳೆಯಲು ಹೋದರು. ಮಹಬೂಬ್ ಭಾಯಿ ಬುತ್ತಿ ಬಿಚ್ಚುತ್ತ ಮೆಲ್ಲಗೆ ಹೇಳಿದರು. "ನಿಮಗ ಇವತ್ತು ಗೊತ್ತಾತೇನ್ರಿ ಮೇಡಮ್ಮಾರ?"

"ಏನು ಭಾಯಿ?"

"ಸಾಹೇಬ್ರಿಗೆ ಲಾರಿ ಹಾರನ್ ಕೇಳ್ತೈತಿ. ನಮ್ಮ ಮಾತು ಕೇಳ್ತೈತಿ. ಜೀಪಿನ ಬ್ರೇಕು ಕೀಂ ಅಂದ್ರ ಮಾತ್ರ ಕೇಳಂಗಿಲ್ಲ. ನಾ ಹೋದ ವರ್ಷಾನ ನೋಡೀನಿ. ಯಾರಿಗೂ ಹೇಳಿಲ್ಲ. ನೀವೂ ಹೇಳಾಕ ಹೋಗಬ್ಯಾಡ್ರಿ. ಬಹಳ ಇಜ್ಜತ್ ಇರೋ ಮನುಷ್ಯ."

ನಾನು ಹೇಳಲಿಲ್ಲ. ಆದರೆ ಜೊಂಡುಹಕ್ಕಿಯನ್ನು ಬಿಡಲೂ ಇಲ್ಲ. ಅದನ್ನು ಹುಡುಕಲು ಒಂದಷ್ಟು ದಿನ ಕೊಡಿ ಎಂದು ಕೇಳಿದರೆ ಸರ್, "ನಮ್ಮ ಕೆಲಸ ನದಿ ಪಾತ್ರದ್ದು. ಕೆರಿ ಕಾಲುವೆ ನೋಡ್ಕೋತ ಹೋದ್ರ ಈ ಜನ್ಮದಾಗ ಮುಗಿಯೂದಿಲ್ಲ" ಎಂದುಬಿಟ್ಟರು. ಸರಿ, ಭಾನುವಾರ ನನ್ನದು ತಾನೆ? ನೀರಿನ ಬಾಟಲಿ, ಎರಡು ಚಪಾತಿ, ಚೀಲದಲ್ಲಿ ಟೇಪ್‌ರೆಕಾರ್ಡರ್ ಹಾಕಿಕೊಂಡು ಬೆಳಗಿನ ಮೊದಲ ಬಸ್ಸು ಹತ್ತಿದೆ.

ಮೊದಲು ಹೋದದ್ದು ಕುರುಗೋಡಿಗೆ. ಅಲ್ಲಿ ಗುಡ್ಡದ ಕೆಳಗಿನ ನೀರಿನಂಚಿನಲ್ಲಿ ಒಂದಿಷ್ಟು ಜೊಂಡು ಇದೆ ಎಂದು ಯಾರೋ ಹೇಳಿದ್ದರು. ಇತ್ತು, ಎಮ್ಮೆಗಳು ಮೇಯ್ದು ಉಳಿಸಿದಷ್ಟು. ಬಿಸಿಲು ಏರುವವರೆಗೂ ಕೂತೆ. ನಾಲ್ಕು ನೀರುಕೋಳಿ, ಒಂದು ಮಿಂಚುಳ್ಳಿ, ಅಷ್ಟೇ. ಬೇಸರವಾಗಿ ಗುಡ್ಡ ಹತ್ತಿದೆ. ಕುರುಗೋಡಿನ ಗುಡ್ಡ ನೋಡದವರಿಗೆ ಹೇಳುತ್ತೇನೆ, ಮನೆಯಷ್ಟು ಮನೆಯಷ್ಟು ಬಂಡೆಗಳನ್ನು ಯಾರೋ ಒಂದರ ಮೇಲೊಂದು ಒಟ್ಟಿ ಮರೆತು ಹೋದ ಹಾಗಿದೆ. ಒಂದು ಬಂಡೆಯ ನೆರಳಿನಲ್ಲಿ ಚಪಾತಿ ಬಿಚ್ಚಿದ್ದೆ. ತಲೆಯ ಮೇಲಿನ ಆಲದ ಬೇರಿನಲ್ಲಿ ಏನೋ ಅಲುಗಿತು. ನೋಡಿದರೆ ಹಳದಿ ಕೊರಳಿನ ಪಿಕಳಾರ! ಬರೀ ನಮ್ಮ ದಕ್ಷಿಣದ ಕಲ್ಲುಗುಡ್ಡಗಳಲ್ಲೇ ಇರುವ ಹಕ್ಕಿ. ಎಷ್ಟೋ ಜನ ಇದನ್ನು ನೋಡಲೆಂದೇ ದೂರದಿಂದ ಬಂದು ನೋಡದೆ ಹೋಗುತ್ತಾರೆ. ನನ್ನ ತಲೆಯ ಮೇಲೆ ಕೂತು ಹಣ್ಣು ತಿಂದು ಸಿಪ್ಪೆ ಉಗುಳಿತು. ಬಾಯಲ್ಲಿದ್ದ ತುತ್ತು ನುಂಗುವುದನ್ನೂ ಮರೆತೆ. ಹುಡುಕಿದ್ದು ಸಿಗದ ದಿನ ಬರಿಗೈಯಲ್ಲಿ ಬಂದೆ ಎಂದುಕೊಳ್ಳಬೇಡಿ, ಮಕ್ಕಳೇ. ಆ ದಿನ ನಾನು ಬಸ್ಸಿನಲ್ಲಿ ಊರಿನವರೆಗೂ ಒಬ್ಬಳೇ ನಗುತ್ತ ಬಂದೆ. ಪಕ್ಕದಲ್ಲಿ ಕೂತ ಹೆಂಗಸು ಜಾಗ ಬದಲಾಯಿಸಿದಳು.

ಮುಂದೆ ಕೆಲವು ಭಾನುವಾರ ಸಿರುಗುಪ್ಪದ ಸುತ್ತ ಸುತ್ತಿದೆ. ಕಾಲುವೆ ಏರಿಯ ಮೇಲೆ ನಡೆಯುವುದು, ನಿಲ್ಲುವುದು, ಕೇಳುವುದು. ದೇಶನೂರಿನ ಕಡೆ ಗದ್ದೆಗಳ ಹೆಚ್ಚುವರಿ ನೀರು ಹೊರಗೆ ಹೋಗಲು ಒಂದು ಬಸಿಗಾಲುವೆ ಇದೆ. ವರ್ಷಗಳಿಂದ ಹೂಳೆತ್ತದೆ ಅದರ ತುಂಬ ಆಳೆತ್ತರದ ಜೊಂಡು ಬೆಳೆದಿತ್ತು. ಇನ್ನೂ ಅದು ಹಸಿರು ಗೋಡೆಯಂತೆ ದೂರದಲ್ಲಿ ಕಾಣುತ್ತಿತ್ತು, ಅಷ್ಟರಲ್ಲೇ ಕೇಳಿತು.

ಕರ್ರ! ಕರ್ರ! ಕರೀಟ್ ಕರೀಟ್ ಕೀಟ್!

ನೆಲಗುಬ್ಬಿಯ ಹಾಗೆ ಸಣ್ಣಗಲ್ಲ. ಹಳೆಯ ಬಾಗಿಲಿನ ತಿರುಗಣಿ ಸಿಟ್ಟಿನಿಂದ ಹಾಡಿದ ಹಾಗೆ, ಗಂಟಲು ಹರಿಯುವಂತೆ, ನಾಚಿಕೆಯಿಲ್ಲದೆ! ನಾನು ಓಡಿದೆ. ಬದುವಿನ ಮೇಲೆ ಓಡಿದೆ, ಜಾರಿದೆ, ಮೊಣಕಾಲವರೆಗೆ ಕೆಸರಿನಲ್ಲಿ ಇಳಿದೆ. ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡೆ. ಜೊಂಡಿನ ತುದಿಗೆ ಒಂದು ಕಂದುಬಣ್ಣದ ಹಕ್ಕಿ ಹತ್ತಿ ಬಂದು, ಬಾಯಿ ಕಿತ್ತಳೆಬಣ್ಣ ಕಾಣುವಷ್ಟು ಅಗಲ ತೆರೆದು, ನನ್ನ ಮುಖಕ್ಕೇ ಹಾಡಿತು. ನಾನು ಕೆಸರಿನಲ್ಲಿ ನಿಂತು ಜೋರಾಗಿ, "ಸಿಕ್ಕಿದಿ! ಸಿಕ್ಕಿದಿ!" ಎಂದು ಕೂಗಿದೆ.

"ಯಾರು ಸಿಕ್ಕಿದ್ರಬೇ?"

ಹಿಂದೆ ಒಬ್ಬ ಹೆಂಗಸು ಕುಡುಗೋಲು ಹಿಡಿದು ನಿಂತಿದ್ದಳು. ಅವಳ ಹೆಸರು ಹುಲಿಗೆಮ್ಮ. ಬಸಿಗಾಲುವೆಗೆ ತಾಗಿದ ಗದ್ದೆ ಅವಳದು.

"ಹಕ್ಕಿ ಅಕ್ಕಾ. ಈ ಹಕ್ಕಿ ಹುಡುಕಾಕ ಒಂದು ತಿಂಗಳಾತು ತಿರುಗಾಕ ಹತ್ತಿ."

"ಇದನ್ನ?" ಅವಳು ಜೊಂಡಿನ ಕಡೆ ನೋಡಿದಳು, ನನ್ನನ್ನು ನೋಡಿದಳು. "ಬೆಳತನಕ ಬಾಯಿ ಬಡ್ಕೊಂತೈತಲ್ಲ ಯವ್ವಾ ಇದು. ಕೋಗಿಲಿನಾರ ಹುಡುಕಬಾರ್ದ? ಮತ್ತ ನೋಡ್ಕೊಳ್ಳೂದಿದ್ರ ಇವತ್ತ ನೋಡ್ಕೊ. ನಾಳಿ ಬೆಳಿಗ್ಗೆ ಜೆಸಿಬಿ ಬರ್ತೈತಿ. ಜೊಂಡೆಲ್ಲ ಕೀಳಾಕ."

ಅವಳ ಗದ್ದೆ ತೋರಿಸಿದಳು. ಕೊಯ್ಲಿಗೆ ಬಂದ ಭತ್ತ ನೀರಿನಲ್ಲಿ ನಿಂತಿತ್ತು. ಜೊಂಡು ಬಸಿಗಾಲುವೆಯನ್ನು ಕಟ್ಟಿ, ನೀರು ಹಿಂದಕ್ಕೆ ಒತ್ತಿ, ತೆನೆ ಬಾಗಿ ನೀರು ಮುಟ್ಟುತ್ತಿತ್ತು. ಇನ್ನೊಂದು ವಾರ ಹೀಗೇ ಇದ್ದರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ. ಅವಳದು ಮಾತ್ರವಲ್ಲ, ಆ ಸಾಲಿನ ಎಲ್ಲರ ಗದ್ದೆಯೂ ಹಾಗೇ ಇತ್ತು. ಅವಳಿಗೆ ಏನು ಹೇಳಲಿ? ಅಷ್ಟರಲ್ಲಿ ಇನ್ನೊಂದು ಜೊಂಡುಹಕ್ಕಿ ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಬಂದು ಜೊಂಡಿನೊಳಗೆ ಇಳಿಯಿತು. ಮರಿಗಳಿವೆ.

ಬಳ್ಳಾರಿಯಲ್ಲಿ ಬಸ್ಸಿನಿಂದ ಇಳಿದವಳು ಮನೆಗೆ ಹೋಗಲಿಲ್ಲ. ಅದೇ ಕೆಸರು ಬಟ್ಟೆಯಲ್ಲಿ ಸರ್ ಮನೆಗೆ ಹೋದೆ. ಅವರೂ ಗಾಂಧಿನಗರದವರೇ. ಸಂಜೆಯ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದರು. ನಾನು ನಿಂತಲ್ಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಜೊಂಡು, ಮರಿ, ಜೆಸಿಬಿ, ನೀರು ನಿಂತ ಗದ್ದೆ. ಹಿರಿಯ ಅಧಿಕಾರಿ ಬಂದು ಮಾತಾಡಿದರೆ ಊರಿನವರು ಒಂದು ಗಳಿಗೆಯಾದರೂ ನಿಂತು ಕೇಳಿಯಾರು ಎಂದೆ.

ಅವರು ಕನ್ನಡಕ ಒರೆಸಿದರು. "ನೀ ನೋಡಿದ್ದಿ ಅಂತಿ. ಸರಿ. ನಾ ಬಂದು ಏನು ಮಾಡೂದದ ಅಲ್ಲಿ?"

"ಬಂದು ಕೇಳ್ರಿ ಸರ್. ಬಹಳ ಗಟ್ಟಿ ದನಿ. ಇದು ನಿಮಗೂ ಕೇಳ್ತದ."

ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆ ಎಂದು. ಸರ್ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿಗೆ ಕಾದೆ. ಬರಲಿಲ್ಲ.

"ನನಗೂ ಕೇಳ್ತದ?" ಎಂದರು ನಿಧಾನವಾಗಿ. ಬಳಿಕ ಕನ್ನಡಕ ಹಾಕಿಕೊಂಡರು. "ಮಹಬೂಬನಿಗೆ ಫೋನ್ ಮಾಡು. ಬೆಳಕು ಹರಿಯೂದ್ರಾಗ ಹೊರಡೋಣ."

ದೇಶನೂರಿನ ಬಸಿಗಾಲುವೆಯ ಹತ್ತಿರ ಇಳಿದಾಗ ಸೂರ್ಯ ಆಗಷ್ಟೇ ಗದ್ದೆಯ ಮೇಲೆ ಬಂದಿದ್ದ. ಸರ್ ಏರಿಯ ಮೇಲೆ ಮುಂದೆ ನಡೆದರು. ನಾನು ಬೇಕೆಂದೇ ಹಿಂದೆ ಉಳಿದೆ. ಜೊಂಡು ಹತ್ತಿರವಾಯಿತು. ಹಕ್ಕಿ ಸುಮ್ಮನಿತ್ತು. ಹಾಡು, ಮಾರಾಯ, ಹಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಿನ್ನೆಯಿಡೀ ಬಾಯಿ ಬಡಿದುಕೊಂಡದ್ದು ಇವತ್ತೇ ಮೌನವ್ರತ ಹಿಡಿಯಬೇಕೆ?

ಕರ್ರ! ಕರ್ರ! ಕರೀಟ್ ಕರೀಟ್!

ಸರ್ ಬೆಚ್ಚಿಬಿದ್ದು ನಿಂತರು. ತಲೆ ಥಟ್ಟನೆ ಸ್ವರ ಬಂದ ಕಡೆಗೇ ತಿರುಗಿತು. ಹಾಗೆ ಸ್ವರದ ಕಡೆಗೆ ಅವರ ತಲೆ ತಿರುಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೋಪಿ ತೆಗೆದರು. ಮತ್ತೆ ಹಾಡಿತು. ಅವರ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆಂದು ಓಡಿ ಹೋದರೆ, ನಗುತ್ತಿದ್ದರು!

"ಎಂಥಾ ಗಂಟಲಮ್ಮಾ ಇದು! ಎಂಥಾ ಕೆಟ್ಟ ಗಂಟಲು!" ಕಣ್ಣಲ್ಲಿ ನೀರಿತ್ತು. "ಸುಧಾ, ಆವತ್ತು ಆ ಮೊರಡಿ ಮ್ಯಾಲೆ ನೆಲಗುಬ್ಬಿ ಹಾಡ್ತಿತ್ತು. ಹೌದಲ್ಲ?"

"ಹೌದು ಸರ್."

"ನನಗ ಕೊಕ್ಕಷ್ಟೇ ಕಂಡಿತು." ಅಷ್ಟೇ ಹೇಳಿದರು. ಟೋಪಿ ತಲೆಗೆ ಹಾಕಿಕೊಂಡರು. "ಗೂಡು ಎಲ್ಲದ?"

ಅದೇ ಹೊತ್ತಿಗೆ ಏರಿಯ ಆ ತುದಿಯಲ್ಲಿ ಜೆಸಿಬಿ ಗುಡುಗುಡು ಎಂದು ಬಂತು. ಅದರ ಹಿಂದೆ ಊರಿನ ರೈತರು. ಮುಂದಿದ್ದವರು ಗಾದಿಲಿಂಗಪ್ಪ ಎಂಬ ಹಿರಿಯರು, ಆ ಸಾಲಿನ ಗದ್ದೆಯವರನ್ನೆಲ್ಲ ಒಟ್ಟು ಮಾಡಿ ಯಂತ್ರ ಗೊತ್ತು ಮಾಡಿದವರು. ಸರ್ ಕೈ ಮುಗಿದು ವಿಷಯ ಹೇಳಿದರು. ಗಾದಿಲಿಂಗಪ್ಪ ಪೂರ್ತಿ ಕೇಳಿದರು.

"ಸಾಹೇಬ್ರ, ನೀವು ದೊಡ್ಡೋರು, ನಿಮ್ಮ ಮಾತಿಗೆ ಇಲ್ಲ ಅನ್ನಬಾರ್ದು. ಆದ್ರ ನಮ್ಮ ಭತ್ತ ನೋಡ್ರಿ. ಹಕ್ಕಿ ಮರಿ ಹಾರೂತನ ನೀರು ಕಾಯ್ತೈತೇನ್ರಿ?"

"ಕಾಯೂದಿಲ್ಲ" ಎಂದರು ಸರ್. "ನೀರು ಇವತ್ತ ಹೋಗಬೇಕು. ಗಾದಿಲಿಂಗಪ್ಪನವ್ರ, ನೀರು ಹೋಗಾಕ ಕಾಲುವಿ ಅಗಲಪೂರ್ತಿ ಬೇಕೇನು? ಒಂದು ಬದಿ ತೆರೆದ್ರ ಸಾಲದೇನು?"

ಗಾದಿಲಿಂಗಪ್ಪ ಜೊಂಡನ್ನು ನೋಡಿದರು. ಜೆಸಿಬಿ ಚಾಲಕ ಆಂಧ್ರದ ಕಡೆಯವನು, ಮೇಲಿನಿಂದಲೇ, "ಒಂದು ಬಕೆಟ್ ಅಗಲ ಚಾಲು ಅಣ್ಣಾ, ಸಾಕು. ನೀಳ್ಳು ತಾನೇ ಓಡ್ತದೆ" ಎಂದ. ಹುಲಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು, "ಯಾವ ಬದಿ ತೆಗಿಬೇಕು ಅಂತ ಹೇಳ್ರಿ ಬೇಗ. ಹಕ್ಕಿ ಎಲ್ಲಿ ಮಲಗ್ಯಾವ ಅಂತ ನಮಗೇನ್ ಗೊತ್ತು?" ಎಂದಳು.

ಗೂಡು ಯಾವ ಬದಿ ಇದೆ ಎಂದು ನನಗೂ ಗೊತ್ತಿರಲಿಲ್ಲ. ಹಕ್ಕಿಗಳು ಎಲ್ಲ ಕಡೆಯಿಂದಲೂ ಕೂಗುತ್ತಿದ್ದವು, ಯಂತ್ರದ ಸದ್ದಿಗೆ ಗಾಬರಿಯಾಗಿ. ಆ ಗದ್ದಲದಲ್ಲಿ ನನ್ನ ಕಿವಿ ಏನೂ ಕೆಲಸಕ್ಕೆ ಬರಲಿಲ್ಲ. ಯಂತ್ರ ನಿಲ್ಲಿಸಲು ಸರ್ ಕೈ ಮಾಡಿದರು. ಪ್ಯಾಂಟು ಮಡಿಸಿ, ಬೂಟು ಸಮೇತ ನೀರಿಗಿಳಿದು, ಸೊಂಟದವರೆಗೆ ಮುಳುಗಿ, ಕೊಕ್ಕರೆಯ ಹಾಗೆ ಅಲುಗದೆ ನಿಂತರು. ಮಹಬೂಬ್ ಭಾಯಿ ಹಾವಿನ ಭಯಕ್ಕೆ, "ಸಾಹೇಬ್ರ, ಕಾಲ್ಬುಡಕ ನೋಡ್ಕೊಳ್ರಿ! ಯಾ ಅಲ್ಲಾ!" ಎನ್ನುತ್ತಲೇ ಇದ್ದರು. ಸರ್‌ಗೆ ಅದು ಕೇಳಿದರೂ ತಿರುಗಲಿಲ್ಲ.

ಒಂದು ಹಕ್ಕಿ ಹುಳ ಹಿಡಿದು ಬಂತು. ಜೊಂಡಿಗೆ ಇಳಿಯಿತು. ನನಗೆ ಇಳಿದ ಜಾಗ ಕಂಡಿತು, ನಾನು ಕೈ ತೋರಿಸಿದೆ. ಸರ್ ತಲೆ ಅಲ್ಲಾಡಿಸಿದರು. ಹಕ್ಕಿ ಒಂದು ಕಡೆ ಇಳಿದು, ಬುಡದಲ್ಲಿ ತೆವಳಿ ಇನ್ನೊಂದು ಕಡೆ ಗೂಡು ಸೇರುತ್ತದೆ. ಕಡ್ಡಿಗಳ ತುದಿ ಅಲುಗುವುದನ್ನು ಅವರು ಹಿಂಬಾಲಿಸುತ್ತಿದ್ದರು. ಅಲುಗಾಟ ನಿಂತಲ್ಲಿಗೆ ನಡೆದು ಹೋಗಿ, ಎರಡು ಕೈಯಿಂದ ಜೊಂಡನ್ನು ಬಾಗಿಲಿನ ಪರದೆಯ ಹಾಗೆ ಸರಿಸಿದರು. ನಾಲ್ಕು ಕಡ್ಡಿಗಳ ನಡುವೆ ಹೆಣೆದ ಬಟ್ಟಲು. ಒಳಗಿನಿಂದ ಕಿತ್ತಳೆ ಬಾಯಿಗಳು ಒಟ್ಟಿಗೇ ತೆರೆದವು. ಹೆಗಲ ಮೇಲಿನ ಕೆಂಪು ವಲ್ಲಿಯನ್ನು ತೆಗೆದು ಪಕ್ಕದ ಜೊಂಡಿನ ತುದಿಗೆ ಕಟ್ಟಿದರು. ಇನ್ನೊಂದು ಗೂಡು ಸಿಕ್ಕಾಗ ಕಟ್ಟಲು ಏನೂ ಇರಲಿಲ್ಲ. ನನ್ನ ದುಪಟ್ಟಾ ಕೊಟ್ಟೆ. ಮೂರನೆಯದಕ್ಕೆ ಹುಲಿಗೆಮ್ಮ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದಳು. "ತಗೊಳ್ರಿ, ಕಟ್ರಿ. ಕೆಟ್ಟ ಗಂಟಲಿನವು, ಬದುಕ್ಲಿ."

ಮೂರೂ ಪಶ್ಚಿಮದ ಬದಿಯಲ್ಲಿದ್ದವು. ಜೆಸಿಬಿ ಪೂರ್ವದ ಬದಿಯಿಂದ ಶುರು ಮಾಡಿತು. ಮಹಬೂಬ್ ಭಾಯಿ ಯಂತ್ರದ ಮುಂದೆ ಹಿಂದಕ್ಕೆ ನಡೆಯುತ್ತ, ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹಿಂದೆ ತೆಗೆಸುವವರ ಹಾಗೆ, "ಬರ್ಲಿ, ಬರ್ಲಿ, ಎಡಕ್ಕ, ಹೋಲ್ಡಾನ್!" ಎಂದು ಕೂಗುತ್ತಿದ್ದರು. ಚಾಲಕ ಆ ದೈತ್ಯ ಬಕೆಟ್ಟನ್ನು ಚಮಚದ ಹಾಗೆ ಆಡಿಸಿದ. ಒಂದು ಸಲ ಬಕೆಟ್ಟಿನ ಹಲ್ಲು ಕೆಂಪು ವಲ್ಲಿಯ ತೀರ ಹತ್ತಿರ ಬಂದಾಗ ಏರಿಯ ಮೇಲಿನ ರೈತರೆಲ್ಲ ಒಟ್ಟಿಗೆ, "ಏಯ್! ಏಯ್!" ಎಂದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ವಲ್ಲಿ ಅಲ್ಲೇ ಇತ್ತು, ಕೆಳಗೆ ಕಂದು ನೀರು ನುಗ್ಗಿ ಓಡುತ್ತಿತ್ತು. ಹುಲಿಗೆಮ್ಮ ತನ್ನ ಗದ್ದೆಯ ಬದುವಿಗೆ ಓಡಿದಳು. ನೀರು ಇಳಿಯುತ್ತಿದ್ದುದು ಬರಿಗಣ್ಣಿಗೆ ಕಾಣುತ್ತಿತ್ತು. ತೆನೆಗಳು ಮೇಲೆದ್ದವು.

ಗಾದಿಲಿಂಗಪ್ಪ ಸರ್‌ರನ್ನು ನೀರಿನಿಂದ ಕೈಹಿಡಿದು ಎಳೆದುಕೊಂಡರು. "ಬರ್ರಿ ಸಾಹೇಬ್ರ, ಚಾ ಕುಡೀರಿ. ಉಳಿದ ಬದಿ ಮರಿ ಹಾರಿದ ಮ್ಯಾಲ ತೆಗಿತೀವಿ. ನಮಗ ಹೇಳಿ ಕಳಸ್ರಿ." ಹಾಗೇ ಮಾಡಿದರು. ಮರಿಗಳು ಹಾರಿದ ಸುದ್ದಿಯನ್ನು ಮೊದಲು ಬಳ್ಳಾರಿಗೆ ಫೋನ್ ಮಾಡಿ ಹೇಳಿದವಳು ಹುಲಿಗೆಮ್ಮ. ಸಿರುಗುಪ್ಪದ ಎಸ್‌ಟಿಡಿ ಬೂತಿನಿಂದ ಕೂಗಿ ಹೇಳಿದಳು, ಕಚೇರಿಯಲ್ಲಿದ್ದವರಿಗೆಲ್ಲ ಕೇಳಿತು.

ಅಂದಿನಿಂದ ಸರ್ ನಿವೃತ್ತರಾಗುವವರೆಗೂ ನಾವು ಬೇರೆ ರೀತಿ ಕೆಲಸ ಮಾಡಿದೆವು. ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. "ಜಾಲಿ ತುದಿ, ಕೊಕ್ಕು ಆಡ್ತದ, ಏನು?" ಎಂದು ಅವರು. "ಹಾಡು, ಮೂರು ಏರು, ಒಂದು ಇಳಿತ" ಎಂದು ನಾನು. ತಮಗೆ ಕೇಳುವುದಿಲ್ಲ ಎಂಬುದನ್ನು ಕಚೇರಿಯ ಸಭೆಯಲ್ಲಿ ಅವರೇ ಎದ್ದು ನಿಂತು ಹೇಳಿದರು, ಹವಾಮಾನದ ವಿಷಯ ಹೇಳುವಷ್ಟು ಸಹಜವಾಗಿ. ಗಿರಣಿ ಹಕ್ಕಿಯ ಮಾತು ಮತ್ತೆ ಎತ್ತಲಿಲ್ಲ. ನಾನೇ ಎತ್ತಿ ನಗಿಸುತ್ತಿದ್ದೆ.

ನನಗೂ ನಿವೃತ್ತಿಯಾಯಿತು. ಈಗ ಸ್ವರವನ್ನು ಪರದೆಯ ಮೇಲೆ ಚಿತ್ರ ಮಾಡಿ ತೋರಿಸುವ ಫೋನುಗಳು ಬಂದಿವೆ. ತಗ್ಗಿನ ದನಿ ಕೆಳಗೆ, ಏರುದನಿ ಮೇಲೆ, ಗೆರೆಗಳಾಗಿ ಮೂಡುತ್ತವೆ. ಹೋದ ಮಾರ್ಚಿನಲ್ಲಿ ಸರ್‌ರನ್ನು ಹಗರಿಗೆ ಕರೆದುಕೊಂಡು ಹೋದೆ. ಕೋಲೂರಿ ನಡೆಯುತ್ತಾರೆ, ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ದೃಷ್ಟಿ ಮತ್ತೆ ಹದ್ದಿನದ್ದೇ. ಮೊರಡಿಯ ಮೇಲೆ ನೆಲಗುಬ್ಬಿಯೊಂದು ಕೂತು ಶುರು ಮಾಡಿತು. ನಾನು ಫೋನು ಅವರ ಕೈಗಿಟ್ಟೆ. ಪರದೆಯ ಮೇಲೆ ಸಣ್ಣ ಸಣ್ಣ ಗೆರೆಗಳು ಒಂದರ ಹಿಂದೊಂದು ಓಡಿ ಬಂದವು. ಅವರು ಪರದೆ ನೋಡಿದರು, ಹಕ್ಕಿಯ ಕೊಕ್ಕು ನೋಡಿದರು, ಮತ್ತೆ ಪರದೆ.

"ಇಷ್ಟೆಲ್ಲ ಹಾಡ್ತದೇನಮ್ಮಾ ಇದು? ಇಷ್ಟೆಲ್ಲ?" ಫೋನನ್ನು ನನ್ನ ಕೈಗೆ ತುರುಕಿದರು. ನೆಲಗುಬ್ಬಿ ಕಲ್ಲು ಬಿಟ್ಟು ಮೇಲಕ್ಕೆ ಏರುತ್ತಿತ್ತು, ಹಾಡುತ್ತ, ನೇರ ಆಕಾಶಕ್ಕೆ. ಅದು ಚುಕ್ಕೆಯಾಯಿತು. ಬಿಸಿಲಿಗೆ ನನ್ನ ಕಣ್ಣಿಗೆ ಚುಕ್ಕೆಯೂ ಕಾಣದಾಯಿತು. ಹಾಡು ಮಾತ್ರ ಸುರಿಯುತ್ತಿತ್ತು.

"ಕಾಣ್ತದೇನು?" ಎಂದು ಅವರು ತಲೆಯೆತ್ತಿಯೇ ಕೇಳಿದರು.

"ಇಲ್ಲ ಸರ್. ಕೇಳ್ತದ."

"ನನಗ ಕಾಣ್ಲಿಕ್ಕೆ ಹತ್ತದ. ತಡಿ, ಹೋಗೂದು ಬ್ಯಾಡ. ಅದು ಇಳಿಯೂತನ ಇಬ್ಬರೂ ನಿಲ್ಲೋಣ."

ನಿಂತೆವು.